ಬಡ ಕಡಲಿನ ಬಾಳು: ಪ್ರೊಕ್ಲೋರೊಕಾಕಸ್ ಮತ್ತು ಸ್ಯಾಲಿ ಚಿಸ್‌ಹೋಮ್ ಅವರ ಸಾಗರ ಅಧ್ಯಯನ



ಈ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ ಒಂದೇ ಒಂದು ಜೀವಿ. ಅದು ಏಕಕೋಶದ ಬ್ಯಾಕ್ಟೀರಿಯಾ. ಅಡ್ಡಳತೆ ಸುಮಾರು 0.6 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಹೆಸರು ಪ್ರೊಕ್ಲೋರೊಕಾಕಸ್. ಬಿಸಿಲನ್ನು ಬಳಸಿ ಆಹಾರ ತಯಾರಿಸಿಕೊಳ್ಳುವ ಜೀವಿಗಳಲ್ಲಿ ಇದಕ್ಕಿಂತ ಚಿಕ್ಕದನ್ನು ಯಾರೂ ಕಂಡಿಲ್ಲ, ಸಂಖ್ಯೆಯಲ್ಲಿ ಇದನ್ನು ಮೀರಿಸಿದ್ದನ್ನೂ ಕಂಡಿಲ್ಲ. ಸಮಭಾಜಕದ ಎರಡೂ ಕಡೆ ಸುಮಾರು 40 ಡಿಗ್ರಿ ಅಕ್ಷಾಂಶದವರೆಗಿನ ಬೆಚ್ಚನೆಯ ಸಾಗರಗಳಲ್ಲೆಲ್ಲ ಇದು ಹರಡಿಕೊಂಡಿದೆ. ನಡುಗಡಲಿನ ಒಂದು ಮಿಲಿಲೀಟರ್ ತಿಳಿನೀರಿನಲ್ಲಿ ಒಂದು ಲಕ್ಷ ಕೋಶಗಳು ಸಿಗುವುದು ಅಪರೂಪವೇನಲ್ಲ. ಇಷ್ಟಿದ್ದೂ 1980ರ ದಶಕದ ನಡುಭಾಗದವರೆಗೆ, ಒಬ್ಬಿಬ್ಬರಿಗೆ ಅದರ ಸುಳಿವು ಸಿಕ್ಕಿದ್ದರೂ, ಅದು ಏನು, ಎಷ್ಟಿದೆ ಎಂಬುದು ವಿಜ್ಞಾನಕ್ಕೆ ಗೊತ್ತಿರಲಿಲ್ಲ.

ಈ ಜೀವಿಯನ್ನು ಗುರುತಿಸಿ, ಅದರ ಬೆನ್ನು ಬಿಡದೆ ಸುಮಾರು ನಾಲ್ಕು ದಶಕ ಅಧ್ಯಯನ ಮಾಡಿದವರು ಅಮೆರಿಕದ ಸಾಗರ ವಿಜ್ಞಾನಿ ಸ್ಯಾಲಿ ಚಿಸ್‌ಹೋಮ್. ಸುಪೀರಿಯರ್ ಸರೋವರದ ದಡದ ಮಾರ್ಕ್ವೆಟ್ ಊರಿನಲ್ಲಿ 1947ರಲ್ಲಿ ಹುಟ್ಟಿದ ಅವರು 1976ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಅಧ್ಯಾಪಕಿಯಾದರು. 2019ರಲ್ಲಿ ಅವರಿಗೆ ಕ್ರಾಫೋರ್ಡ್ ಪ್ರಶಸ್ತಿ ಬಂದಿತು. ಇಂದು ನಾನು ಮಂಡಿಸಲಿರುವ ವಾದ ಅವರ ಕೆಲಸದಿಂದ ನಾನು ಕಲಿತದ್ದು: ಕಡಲಿನ ಯಾವ ಜೀವಿಯನ್ನೂ ಅದರ ಒಡನಾಟದಿಂದ ಬಿಡಿಸಿ ತಿಳಿಯಲಾಗದು, ಮತ್ತು ಆ ಒಡನಾಟವನ್ನು ತಿಳಿಯುವ ಮುನ್ನ ಕಡಲನ್ನು ತಿದ್ದಲು ಹೊರಡುವುದು ತಪ್ಪು.

ಇಷ್ಟು ದೊಡ್ಡ ಸಂಖ್ಯೆಯ ಜೀವಿ ಇಷ್ಟು ಕಾಲ ಹೇಗೆ ತಪ್ಪಿಸಿಕೊಂಡಿತು ಎಂಬುದಕ್ಕೆ ಒಂದು ಇತಿಹಾಸವಿದೆ. ನೀರಿನ ಸೆಳೆತಕ್ಕೆ ಸಿಕ್ಕಿ ತೇಲುವ ಜೀವಿಗಳಿಗೆಲ್ಲ ಪ್ಲಾಂಕ್ಟನ್ ಎಂದು 1887ರಲ್ಲಿ ಹೆಸರಿಟ್ಟವರು ಜರ್ಮನಿಯ ಕೀಲ್ ನಗರದ ಶರೀರಶಾಸ್ತ್ರಜ್ಞ ವಿಕ್ಟರ್ ಹೆನ್ಸೆನ್. ಕಡಲು ಎಷ್ಟು ಮೀನು ಕೊಡಬಲ್ಲದು ಎಂದು ತಿಳಿಯಬೇಕಾದರೆ ಮೊದಲು ಮೀನಿನ ಮೇವನ್ನು ಅಳೆಯಬೇಕು ಎಂಬುದು ಅವರ ನಿಲುವು. 1889ರಲ್ಲಿ ಅವರ ತಂಡ ‘ನ್ಯಾಷನಲ್’ ಎಂಬ ಹಡಗಿನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಸಂಚರಿಸಿ, ನವಿರಾದ ಬಲೆಗಳನ್ನು ಇಳಿಸಿ, ಸಿಕ್ಕ ಜೀವಿಗಳನ್ನು ಎಣಿಸಿತು. ಆ ಬಲೆಯ ಬಟ್ಟೆ ಹಿಟ್ಟಿನ ಗಿರಣಿಗಳಲ್ಲಿ ಜರಡಿಗೆ ಬಳಸುತ್ತಿದ್ದ ರೇಷ್ಮೆ. ಉಷ್ಣವಲಯದ ನೀಲಿ ನೀರಿನಲ್ಲಿ ಅವರಿಗೆ ಸಿಕ್ಕದ್ದು ತೀರ ಕಡಿಮೆ. ನೀಲಿ ಕಡಲು ಬಡ ಕಡಲು ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು.

ಆ ರೇಷ್ಮೆಯ ಕಣ್ಣಿನಿಂದ ಏನೆಲ್ಲ ಸೋರಿಹೋಗುತ್ತಿದೆ ಎಂಬುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾನ್ಸ್ ಲೋಮನ್ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿಗೆ ಹೊಳೆದ ಬಗೆ ಬಹಳ ಸ್ವಾರಸ್ಯದ್ದು. ಅಪೆಂಡಿಕುಲೇರಿಯನ್ ಎಂಬ ಸಣ್ಣ ಕಡಲಪ್ರಾಣಿಗಳಿವೆ. ಗೊದಮೊಟ್ಟೆಯ ಆಕಾರದವು. ತಮ್ಮ ಮೈಯಿಂದ ಸ್ರವಿಸಿದ ಲೋಳೆಯಿಂದಲೇ ಸುತ್ತ ಒಂದು ಪಾರದರ್ಶಕ ಗೂಡು ಕಟ್ಟಿಕೊಂಡು, ಬಾಲ ಆಡಿಸಿ ನೀರನ್ನು ಒಳಕ್ಕೆ ಎಳೆದು, ಗೂಡಿನೊಳಗಿನ ಶೋಧಕದಲ್ಲಿ ಆಹಾರವನ್ನು ಸೋಸಿ ತಿನ್ನುತ್ತವೆ. ಆ ಶೋಧಕಕ್ಕೆ ಸಿಕ್ಕಿಕೊಂಡಿದ್ದನ್ನು ಲೋಮನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ, ಮನುಷ್ಯನ ಬಲೆಯಲ್ಲಿ ಎಂದೂ ಕಾಣಿಸದ ಸಣ್ಣ ಜೀವಿಗಳು ಅಲ್ಲಿದ್ದವು. ಪ್ರಾಣಿಯ ಜರಡಿ ಗಿರಣಿಯ ಜರಡಿಗಿಂತ ನಯವಾಗಿತ್ತು. ಕಡಲಿನ ಹಸಿರಿನ ಬಹುಪಾಲು ಬಲೆಗೆ ಬೀಳದ ಗಾತ್ರದಲ್ಲಿರಬಹುದು ಎಂಬ ಅನುಮಾನ ಆಗಲೇ ಹುಟ್ಟಿತಾದರೂ, ಅದನ್ನು ಕೊನೆಯವರೆಗೆ ಬೆನ್ನಟ್ಟುವ ಉಪಕರಣ ಬರಲು ಮುಕ್ಕಾಲು ಶತಮಾನ ಬೇಕಾಯಿತು.

1979ರಲ್ಲಿ ಅಮೆರಿಕದ ವುಡ್ಸ್ ಹೋಲ್ ಸಾಗರ ವಿಜ್ಞಾನ ಸಂಸ್ಥೆಯ ಜಾನ್ ವಾಟರ್‌ಬರಿ ಮತ್ತು ಸಂಗಡಿಗರು ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ಕಿತ್ತಳೆ ಬಣ್ಣದಲ್ಲಿ ಮಿನುಗುವ ಸಿನೆಕೊಕಾಕಸ್ ಎಂಬ ಸೂಕ್ಷ್ಮಜೀವಿ ಕಡಲಿನಲ್ಲಿ ಅಪಾರವಾಗಿದೆ ಎಂದು ತೋರಿಸಿದರು. ಕೆಲವು ವರ್ಷಗಳ ಬಳಿಕ ಚಿಸ್‌ಹೋಮ್ ಮತ್ತು ಅವರ ಸಹೋದ್ಯೋಗಿ ರಾಬ್ ಓಲ್ಸನ್ ಅದನ್ನು ಎಣಿಸಲು ಹೊಸ ದಾರಿ ಹುಡುಕಿದರು. ರಕ್ತಕಣಗಳನ್ನು ವಿಂಗಡಿಸಲು ವೈದ್ಯಕೀಯ ಪ್ರಯೋಗಾಲಯಗಳಲ್ಲಿ ಬಳಸುವ ಫ್ಲೋ ಸೈಟೋಮೀಟರ್ ಎಂಬ ಯಂತ್ರವನ್ನು ಹಡಗಿಗೆ ಏರಿಸಿದರು. ಅದರಲ್ಲಿ ನೀರು ಕೂದಲೆಳೆಯಂಥ ಧಾರೆಯಾಗಿ ಹರಿಯುತ್ತದೆ. ಕೋಶಗಳು ಒಂದರ ಹಿಂದೊಂದು ಲೇಸರ್ ಕಿರಣವನ್ನು ಹಾದುಹೋಗುತ್ತವೆ. ಪ್ರತಿ ಕೋಶ ಚದುರಿಸುವ ಬೆಳಕೂ ಹೊಮ್ಮಿಸುವ ಬಣ್ಣವೂ ದಾಖಲಾಗುತ್ತವೆ. ಪರದೆಯ ಮೇಲೆ ಸಿನೆಕೊಕಾಕಸ್‌ನ ಗುರುತು ಮೂಡಿತು. ಅದರಾಚೆ, ಯಂತ್ರದ ಗ್ರಹಣಶಕ್ತಿಯ ಅಂಚಿನಲ್ಲಿ, ಇನ್ನೂ ಚಿಕ್ಕದಾದ ಮಸುಕು ಕೆಂಪು ಚುಕ್ಕೆಗಳ ಗುಂಪೊಂದು ಕಂಡಿತು. ಅದನ್ನು ಯಂತ್ರದ ಗದ್ದಲ ಎಂದು ತಳ್ಳಿಹಾಕುವುದು ಸುಲಭವಿತ್ತು, ಮೊದಮೊದಲು ಅವರೂ ಹಾಗೆಯೇ ಭಾವಿಸಿದ್ದರು.

ಆದರೆ ಹೆಚ್ಚು ಆಳದಿಂದ ತಂದ ನೀರಿನಲ್ಲಿ ಆ ಕೆಂಪು ಗಾಢವಾಗುತ್ತ ಹೋಯಿತು. ಯಂತ್ರದ ಗದ್ದಲಕ್ಕೆ ಕಡಲಿನ ಆಳ ತಿಳಿಯುವುದಿಲ್ಲ. ಕೆಳಗಿಳಿದಂತೆ ಬೆಳಕು ಕಡಿಮೆಯಾಗುತ್ತದೆ, ಕಡಿಮೆ ಬೆಳಕಿನಲ್ಲಿ ಬದುಕುವ ಕೋಶ ಹೆಚ್ಚು ಹರಿತ್ತನ್ನು ತುಂಬಿಕೊಳ್ಳುತ್ತದೆ, ಹರಿತ್ತು ಹೆಚ್ಚಿದಷ್ಟೂ ಕೆಂಪು ಹೊಳಪು ಹೆಚ್ಚುತ್ತದೆ. ಅಂದಮೇಲೆ ಅದು ಜೀವಿಯೇ. ಈ ಶೋಧ 1988ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು, 1992ರಲ್ಲಿ ಜೀವಿಗೆ ಹೆಸರೂ ಬಂತು. ವಿದ್ಯಾರ್ಥಿ ಮಿತ್ರರು ಈ ತರ್ಕದ ಸರಪಳಿಯನ್ನು ಗಮನಿಸಬೇಕೆಂದು ಕೋರುತ್ತೇನೆ. ಯಂತ್ರ ತೋರಿಸಿದ್ದು ಚುಕ್ಕೆಗಳನ್ನು ಮಾತ್ರ. ಅವು ಜೀವಿಗಳೆಂದು ತೀರ್ಮಾನಿಸಲು ನೆರವಾದದ್ದು ಬೆಳಕು, ಆಳ, ಹರಿತ್ತು ಇವುಗಳ ನಂಟನ್ನು ಬಲ್ಲ ಮನಸ್ಸು.

ಇನ್ನು ಈ ಜೀವಿಯ ಬದುಕಿನ ಕಡೆ ಬರೋಣ. ಕರಾವಳಿಯವರಾದ ನಮಗೆ ಕಡಲಿನ ಸಿರಿ ಎಂದರೆ ಮುಂಗಾರಿನ ಕಡಲು. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ದಡದುದ್ದಕ್ಕೂ ಕೆಳಗಿನ ತಂಪು ನೀರು ಮೇಲೇಳುತ್ತದೆ. ಅದರೊಂದಿಗೆ ಬಂದ ನೈಟ್ರೇಟು, ಫಾಸ್ಫೇಟುಗಳನ್ನು ಉಂಡು ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ದಟ್ಟವಾಗಿ ಬೆಳೆಯುತ್ತವೆ, ನೀರು ಹಸಿರಾಗುತ್ತದೆ. ಬೂತಾಯಿ, ಬಂಗುಡೆಯ ಹಿಂಡುಗಳು ಮೇಯುವುದು ಈ ಸಮೃದ್ಧಿಯನ್ನೇ. ಬೂತಾಯಿಗೂ ಡಯಾಟಮ್‌ಗಳಿಗೂ ಇರುವ ಈ ನಂಟನ್ನು ಮಲಬಾರ್ ಕರಾವಳಿಯಲ್ಲಿ ನೂರು ವರ್ಷಗಳ ಹಿಂದೆಯೇ ದಾಖಲಿಸಲಾಗಿದೆ. ಪ್ರೊಕ್ಲೋರೊಕಾಕಸ್‌ನದು ಇದಕ್ಕೆ ಪೂರ್ತಿ ಬೇರೆಯಾದ ಲೋಕ. ಅಲ್ಲಿ ವರ್ಷವಿಡೀ ಬಿಸಿಲಿದೆ. ಮೇಲಿನ ಬೆಚ್ಚನೆಯ ನೀರು ಕೆಳಗಿನ ತಂಪು ನೀರಿನೊಡನೆ ಬೆರೆಯುವುದೇ ಕಡಿಮೆ. ಹಾಗಾಗಿ ಪೋಷಕಾಂಶಗಳ ತೀವ್ರ ಅಭಾವ.

ಅಭಾವದಲ್ಲಿ ಬದುಕುವ ಮೊದಲ ಉಪಾಯ ಚಿಕ್ಕದಾಗಿರುವುದು. ಗೋಳದ ಅಡ್ಡಳತೆ ಅರ್ಧವಾದರೆ ಅದರ ಗಾತ್ರಕ್ಕೆ ಹೋಲಿಸಿದ ಮೈಯ ಹರವು ಎರಡರಷ್ಟಾಗುತ್ತದೆ. ಕೋಶಕ್ಕೆ ಆಹಾರ ಒಳಬರುವುದು ಮೈಯ ಮೂಲಕ, ಖರ್ಚಾಗುವುದು ಒಳಗಿನ ಗಾತ್ರಕ್ಕೆ. ಆದ್ದರಿಂದ ತೀರ ತೆಳುವಾದ ನೀರಿನಲ್ಲಿ ಚಿಕ್ಕ ಕೋಶಕ್ಕೆ ಗೆಲುವು. ಎರಡನೆಯ ಉಪಾಯ ಬೆಳಕಿನದು. ಈ ಜೀವಿಯ ಹರಿತ್ತಿನ ಅಣುಗಳು ಗಿಡಮರಗಳ ಹರಿತ್ತಿಗಿಂತ ತುಸು ಭಿನ್ನ. ತಿಳಿನೀರಿನಲ್ಲಿ ಅತಿ ಆಳಕ್ಕೆ ಇಳಿಯುವ ನೀಲಿ ಬೆಳಕನ್ನು ಹಿಡಿಯಲು ತಕ್ಕಂಥವು. ಇದರ ಬಲದಿಂದ ಸುಮಾರು 200 ಮೀಟರ್ ಆಳದವರೆಗೂ ಇವು ಬದುಕುತ್ತವೆ. ಮೂರನೆಯದು ರಂಜಕದ ಮಿತವ್ಯಯ. ಜೀವಕೋಶಗಳ ಪೊರೆಯಲ್ಲಿ ಸಾಮಾನ್ಯವಾಗಿ ರಂಜಕವಿರುವ ಕೊಬ್ಬಿನ ಅಣುಗಳಿರುತ್ತವೆ. ಪ್ರೊಕ್ಲೋರೊಕಾಕಸ್ ಆ ಜಾಗದಲ್ಲಿ ಬಹುಮಟ್ಟಿಗೆ ಗಂಧಕವಿರುವ ಅಣುಗಳನ್ನು ಬಳಸುತ್ತದೆ. ಕಡಲಿನಲ್ಲಿ ಗಂಧಕಕ್ಕೆ ಬರವಿಲ್ಲ. ಹೀಗೆ ಉಳಿಸಿದ ರಂಜಕ ವಂಶವಾಹಿಗಳನ್ನು ಕಟ್ಟಲು ಸಿಗುತ್ತದೆ.

ಮಿತವ್ಯಯ ವಂಶವಾಹಿಗಳಲ್ಲೂ ಇದೆ. 2003ರಲ್ಲಿ ಇದರ ಕೆಲವು ತಳಿಗಳ ಡಿಎನ್‌ಎಯನ್ನು ಪೂರ್ತಿ ಓದಿದಾಗ, ಒಂದರಲ್ಲಿ ಇದ್ದದ್ದು ಸುಮಾರು 17 ಲಕ್ಷ ಅಕ್ಷರಗಳು, 1,700ರಷ್ಟು ವಂಶವಾಹಿಗಳು ಮಾತ್ರ. ಬಿಸಿಲು, ನೀರು, ಕರಗಿದ ಲವಣಗಳು ಮತ್ತು ಇಂಗಾಲದ ಡೈಆಕ್ಸೈಡ್ ಇವುಗಳಿಂದ ಇಡೀ ಜೀವವನ್ನು ಕಟ್ಟಿಕೊಳ್ಳಲು ಇಷ್ಟೇ ಸಾಕು ಎಂಬುದು ಬೆರಗಿನ ಸಂಗತಿ. ಆದರೆ ಬಿಟ್ಟುಕೊಟ್ಟದ್ದಕ್ಕೆ ಬೆಲೆಯೂ ಇದೆ. ಬಿಸಿಲಿಗೆ ಸಿಕ್ಕ ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತಿರುತ್ತದೆ. ಅದು ಕೋಶಕ್ಕೆ ವಿಷ. ಅದನ್ನು ಒಡೆಯುವ ಕಿಣ್ವ, ಕ್ಯಾಟಲೇಸ್, ಪ್ರೊಕ್ಲೋರೊಕಾಕಸ್‌ನಲ್ಲಿ ಇಲ್ಲ. ಸುತ್ತಲಿನ ಬೇರೆ ಬ್ಯಾಕ್ಟೀರಿಯಾಗಳು ಆ ಕೆಲಸ ಮಾಡುತ್ತವೆ. ಓಣಿಯ ಒಂದು ಮನೆಯ ಬಾವಿ ಎಲ್ಲರಿಗೂ ಸಾಕಾದಾಗ ಉಳಿದವರು ಬಾವಿ ತೋಡುವ ಗೋಜಿಗೆ ಹೋಗದಂತೆ, ಇದು ಆ ಸಾಮರ್ಥ್ಯವನ್ನೇ ಕೈಬಿಟ್ಟಿದೆ. ಪ್ರಯೋಗಾಲಯದಲ್ಲಿ ಈ ಜೀವಿಯನ್ನು ಒಂಟಿಯಾಗಿ ಬೆಳೆಸುವುದು ಕಷ್ಟವಾದದ್ದಕ್ಕೆ, ನೆರೆಯ ಬ್ಯಾಕ್ಟೀರಿಯಾ ಜೊತೆಗಿದ್ದಾಗ ಅದು ಹುಲುಸಾಗಿ ಬೆಳೆದದ್ದಕ್ಕೆ ಇದೊಂದು ಮುಖ್ಯ ಕಾರಣ.

ಇಲ್ಲಿಗೆ ನಾವು ನನ್ನ ವಾದದ ತಿರುಳಿಗೆ ಬಂದೆವು. ಸಂಖ್ಯೆಯಲ್ಲಿ ಮೇಲುಗೈ ಪಡೆದ ಜೀವಿಯನ್ನು ನಾವು ಸ್ವಾವಲಂಬಿ, ಬಲಶಾಲಿ ಎಂದು ಊಹಿಸುತ್ತೇವೆ. ಇದು ಹಾಗಿಲ್ಲ. ಇದರ ಬಳಿ ಇರುವುದಕ್ಕಿಂತ ಇಲ್ಲದ್ದೇ ಹೆಚ್ಚು, ಇಲ್ಲದ್ದನ್ನು ನೆರೆಹೊರೆ ತುಂಬಿಕೊಡುತ್ತದೆ. ಅದೂ ನೆರೆಗೆ ಕೊಡುತ್ತದೆ: ತಾನು ಕಟ್ಟಿದ ಇಂಗಾಲದ ಒಂದು ಪಾಲನ್ನು ನೀರಿಗೆ ಸೋರಿಬಿಡುತ್ತದೆ. 2014ರಲ್ಲಿ ಚಿಸ್‌ಹೋಮ್ ಅವರ ತಂಡ ಇನ್ನೊಂದು ಸಂಗತಿಯನ್ನು ಪ್ರಕಟಿಸಿತು. ಈ ಕೋಶಗಳು ತಮ್ಮ ಹೊರಪೊರೆಯಿಂದ ಅತಿ ಸಣ್ಣ ಗುಳ್ಳೆಗಳನ್ನು ಚಿವುಟಿ ಬಿಡುತ್ತಲೇ ಇರುತ್ತವೆ, ಅವುಗಳಲ್ಲಿ ಪ್ರೋಟೀನು ಮತ್ತು ಡಿಎನ್‌ಎ ತುಣುಕುಗಳಿರುತ್ತವೆ. ಇಷ್ಟು ಜಿಪುಣ ಜೀವಿ ಹೀಗೇಕೆ ಹಂಚುತ್ತದೆ ಎಂಬ ಪ್ರಶ್ನೆ ಈಗಲೂ ಸಂಶೋಧಕರನ್ನು ಕಾಡುತ್ತಿದೆ.

ವೈರಸ್‌ಗಳೊಂದಿಗಿನ ನಂಟು ಮತ್ತೂ ಆಳವಾದದ್ದು. ಇದನ್ನು ಕೊಲ್ಲುವ ಕೆಲವು ವೈರಸ್‌ಗಳು ದ್ಯುತಿಸಂಶ್ಲೇಷಣೆಗೆ ಬೇಕಾದ ವಂಶವಾಹಿಗಳನ್ನೇ ತಮ್ಮ ಡಿಎನ್‌ಎಯಲ್ಲಿ ಹೊತ್ತು ತಿರುಗುತ್ತವೆ. ಹಿಂದೆ ಯಾವಾಗಲೋ ಆತಿಥೇಯ ಕೋಶದಿಂದಲೇ ಪಡೆದದ್ದು. ಸೋಂಕಿದ ಕೋಶ ಸಾಯುವವರೆಗೆ ಬಿಸಿಲಿನಿಂದ ಶಕ್ತಿ ಹಿಡಿಯುವ ಕೆಲಸ ನಿಲ್ಲದಂತೆ ನೋಡಿಕೊಂಡರೆ ವೈರಸ್‌ನ ಸಂತಾನ ಹೆಚ್ಚುತ್ತದೆ. ಈ ಹಾದಿಯಲ್ಲಿ ವಂಶವಾಹಿಗಳು ಒಂದು ಕೋಶದಿಂದ ಇನ್ನೊಂದಕ್ಕೆ ಸಾಗುವುದೂ ಉಂಟು. ಕೊಲ್ಲುವುದು, ಕೊಡುವುದು ಎಂಬ ನಮ್ಮ ವಿಂಗಡಣೆ ಇಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಪ್ರೊಕ್ಲೋರೊಕಾಕಸ್ ಎಂದರೆ ಯಾವುದು? ಒಂದು ಕೋಶದಲ್ಲಿ ಸುಮಾರು ಎರಡು ಸಾವಿರ ವಂಶವಾಹಿಗಳು. ಅವುಗಳಲ್ಲಿ ಸಾವಿರದಷ್ಟು ಎಲ್ಲ ಕೋಶಗಳಿಗೂ ಸಮಾನ. ಉಳಿದವು ಬೇರೆ ಬೇರೆ. ಮೇಲ್ನೀರಿನ ಪ್ರಖರ ಬಿಸಿಲಿಗೆ ಒಗ್ಗಿದ ತಳಿ ಒಂದು, ಆಳದ ಮಬ್ಬಿಗೆ ಒಗ್ಗಿದ್ದು ಇನ್ನೊಂದು. ರಂಜಕ ಕಡಿಮೆಯಿರುವ ಕಡಲಿನದು ಒಂದು, ಕಬ್ಬಿಣ ಕಡಿಮೆಯಿರುವ ಕಡಲಿನದು ಮತ್ತೊಂದು. ಎಲ್ಲ ತಳಿಗಳ ವಂಶವಾಹಿಗಳನ್ನು ಕೂಡಿಸಿದರೆ 80,000ಕ್ಕೂ ಹೆಚ್ಚಾಗಬಹುದು ಎಂಬುದು ಒಂದು ಅಂದಾಜು; ಮನುಷ್ಯನಲ್ಲಿ ಪ್ರೋಟೀನು ಕಟ್ಟುವ ವಂಶವಾಹಿಗಳು 20,000ದ ಆಸುಪಾಸು. ಅಟ್ಲಾಂಟಿಕ್‌ನ ಬರ್ಮುಡಾ ಬಳಿಯ ನೀರಿನ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಓದಿದಾಗ, ಒಂದೇ ಜಾಗದಲ್ಲಿ ನೂರಾರು ಉಪಗುಂಪುಗಳು ಒಟ್ಟಿಗೆ ಬಾಳುತ್ತಿರುವುದು ಕಂಡಿತು. ಅವು ಕವಲೊಡೆದು ಲಕ್ಷಾಂತರ ವರ್ಷಗಳಾಗಿವೆ ಎಂದು ಲೆಕ್ಕ ಹೇಳುತ್ತದೆ. ಋತು ಬದಲಾದಾಗ ಒಂದು ಗುಂಪು ಹೆಚ್ಚಿ ಇನ್ನೊಂದು ತಗ್ಗುತ್ತದೆ. ಒಟ್ಟು ಒಕ್ಕೂಟ ಉಳಿಯುತ್ತದೆ. ಇದನ್ನು ಒಂದು ಜಾತಿ ಎನ್ನುವುದು ಅನುಕೂಲದ ಮಾತು. ವಿಕಾಸವಾದದ ಪಾಠಗಳಲ್ಲಿ ಪೈಪೋಟಿಗೆ ಕೊಟ್ಟಷ್ಟು ಜಾಗವನ್ನು ಈ ಬಗೆಯ ಸಹಬಾಳ್ವೆಗೆ ನಾವು ಕೊಟ್ಟಿಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ.

ಈ ಒಕ್ಕೂಟದ ದುಡಿಮೆ ಎಷ್ಟು? ಭೂಮಿಯ ಮೇಲೆ ಪ್ರತಿವರ್ಷ ಜೀವಿಗಳು ಕಟ್ಟುವ ಇಂಗಾಲದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಅಂದರೆ 50 ಶತಕೋಟಿ ಟನ್ನಿನಷ್ಟು, ಕಡಲಿನದು. ಪ್ರೊಕ್ಲೋರೊಕಾಕಸ್‌ನ ಪಾಲು ಸುಮಾರು 4 ಶತಕೋಟಿ ಟನ್. ಆದರೆ ನೀರಿನಲ್ಲಿ ಅದರ ಸಂಖ್ಯೆ ದಿನದಿಂದ ದಿನಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಕೋಶಗಳು ಸಂಜೆ, ರಾತ್ರಿಯ ಹೊತ್ತಿಗೆ ವಿಭಜಿಸಿ ಹೆಚ್ಚುಕಡಿಮೆ ದಿನಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಅಷ್ಟೇ ಕೋಶಗಳು ಮರುದಿನಕ್ಕೆ ಮೇಯುವ ಸೂಕ್ಷ್ಮಜೀವಿಗಳಿಗೋ ವೈರಸ್‌ಗಳಿಗೋ ಸಂದಿರುತ್ತವೆ. ನಿಶ್ಚಲವೆಂದು ಕಾಣುವ ನೀಲಿ ನೀರಿನಲ್ಲಿ ನಿತ್ಯವೂ ಹೀಗೆ ಅರ್ಧಕ್ಕರ್ಧ ಸಂಖ್ಯೆ ಹುಟ್ಟಿ ಸಾಯುತ್ತಿದೆ. ಡಯಾಟಮ್‌ಗಳು ಭಾರದ ಚಿಪ್ಪಿನಿಂದಾಗಿ ಆಳಕ್ಕೆ ಮುಳುಗಿ ಇಂಗಾಲವನ್ನು ಕೆಳಗೆ ಒಯ್ಯುತ್ತವೆ. ಇಲ್ಲಿ ಇಂಗಾಲದ ಬಹುಪಾಲು ಮೇಲ್ನೀರಿನಲ್ಲೇ ಕೈಬದಲಾಗುತ್ತದೆ.

ಈ ಲೆಕ್ಕಾಚಾರ ಬರಿಯ ಪಾಂಡಿತ್ಯದ್ದಲ್ಲ ಎಂಬುದು ಕಬ್ಬಿಣದ ಪ್ರಶ್ನೆಯಲ್ಲಿ ಗೊತ್ತಾಯಿತು. ದಕ್ಷಿಣ ಸಾಗರದಂಥ ಕಡೆ ನೈಟ್ರೇಟು ಸಾಕಷ್ಟಿದ್ದರೂ ಪ್ಲಾಂಕ್ಟನ್ ಬೆಳೆಯದಿರುವುದಕ್ಕೆ ಕಬ್ಬಿಣದ ಕೊರತೆ ಕಾರಣ ಎಂದು 1980ರ ದಶಕದ ಕೊನೆಗೆ ಅಮೆರಿಕದ ಸಾಗರ ವಿಜ್ಞಾನಿ ಜಾನ್ ಮಾರ್ಟಿನ್ ವಾದಿಸಿದರು. ಮುಂದಿನ ಪ್ರಯೋಗಗಳು ಅದನ್ನು ಸಮರ್ಥಿಸಿದವು. ಕೂಡಲೇ ಕೆಲವರು ಕಡಲಿಗೆ ಕಬ್ಬಿಣ ಸುರಿದು, ಬೆಳೆದ ಪ್ಲಾಂಕ್ಟನ್ ಹೀರಿದ ಇಂಗಾಲವನ್ನು ಲೆಕ್ಕ ಹಾಕಿ ಮಾರಾಟ ಮಾಡುವ ಯೋಜನೆ ಹೂಡಿದರು. 2001ರಲ್ಲಿ ಚಿಸ್‌ಹೋಮ್, ಪಾಲ್ ಫಾಲ್ಕೋಸ್ಕಿ ಮತ್ತು ಜಾನ್ ಕಲನ್ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ನೇರವಾಗಿ ವಿರೋಧಿಸಿದರು. ಬೆಳೆದದ್ದೆಲ್ಲ ಮುಳುಗುವುದಿಲ್ಲ, ಮುಳುಗಿದ್ದು ಕೊಳೆಯುವಾಗ ಆಳದ ಆಮ್ಲಜನಕ ಕಡಿಮೆಯಾಗುತ್ತದೆ, ನೈಟ್ರಸ್ ಆಕ್ಸೈಡ್‌ನಂಥ ಇನ್ನೂ ಪ್ರಬಲ ಹಸಿರುಮನೆ ಅನಿಲ ಹುಟ್ಟಬಹುದು, ಇಲ್ಲಿ ಉಂಡ ಪೋಷಕಾಂಶ ಬೇರೆಲ್ಲೋ ಕಡಿಮೆಯಾಗುತ್ತದೆ, ಆಹಾರಜಾಲವೇ ಬದಲಾಗುತ್ತದೆ ಎಂಬುದು ಅವರ ವಾದ.

ಭಾರತಕ್ಕೂ ಇದರ ಅನುಭವವಿದೆ. 2009ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಕೂಡಿ ‘ಪೋಲಾರ್‌ಸ್ಟರ್ನ್’ ಹಡಗಿನಲ್ಲಿ ಲೋಹಾಫೆಕ್ಸ್ ಎಂಬ ಪ್ರಯೋಗವನ್ನು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ನಡೆಸಿದವು. ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣ ಬೆರೆಸಲಾಯಿತು. ಪ್ಲಾಂಕ್ಟನ್ ಬೆಳೆಯಿತು, ನಿಜ. ಆದರೆ ಆ ನೀರಿನಲ್ಲಿ ಸಿಲಿಕಾ ಕಡಿಮೆಯಿದ್ದುದರಿಂದ ಚಿಪ್ಪು ಕಟ್ಟುವ ಡಯಾಟಮ್‌ಗಳು ಬೆಳೆಯಲಿಲ್ಲ. ಬೆಳೆದದ್ದನ್ನು ಕೋಪಿಪಾಡ್ ಎಂಬ ಸಣ್ಣ ಕಡಲಪ್ರಾಣಿಗಳು ಮೇಯ್ದವು. ಆಳಕ್ಕೆ ಇಳಿದ ಇಂಗಾಲ ಅತ್ಯಲ್ಪ. ವಿರೋಧಗಳ ನಡುವೆಯೂ ಆ ವಿಜ್ಞಾನಿಗಳು ಪ್ರಾಮಾಣಿಕವಾಗಿ ನಡೆಸಿ, ನಿರೀಕ್ಷೆಗೆ ಬಾರದ ಫಲಿತಾಂಶವನ್ನು ಹಾಗೆಯೇ ಪ್ರಕಟಿಸಿದ ಪ್ರಯೋಗ ಅದು. ಅದಕ್ಕಾಗಿ ಅವರ ಬಗ್ಗೆ ನನಗೆ ಗೌರವವಿದೆ. ತಿಳಿಯಲೆಂದು ಮಾಡುವ ಸಣ್ಣ ಪ್ರಯೋಗ ಬೇರೆ, ಲಾಭಕ್ಕಾಗಿ ಕಡಲನ್ನೇ ಬದಲಿಸುವ ಉದ್ಯಮ ಬೇರೆ. ಮೊದಲನೆಯದನ್ನು ಎರಡನೆಯದರ ಮೆಟ್ಟಿಲಾಗಲು ಬಿಡಬಾರದು.

ಕೊನೆಯದಾಗಿ ನಮ್ಮ ಅರಬ್ಬೀ ಸಮುದ್ರ. ಇದರ ಮಧ್ಯ ಮತ್ತು ಉತ್ತರ ಭಾಗಗಳಲ್ಲಿ ಸುಮಾರು 150 ಮೀಟರಿನಿಂದ 1,000 ಮೀಟರ್ ಆಳದವರೆಗೆ ಆಮ್ಲಜನಕ ಬಹುತೇಕ ಇಲ್ಲದ ದಪ್ಪ ಪದರವೊಂದಿದೆ. ಜಗತ್ತಿನ ಇಂಥ ದೊಡ್ಡ ವಲಯಗಳಲ್ಲಿ ಇದೂ ಒಂದು. 1990ರ ದಶಕದ ಸಮೀಕ್ಷೆಗಳಲ್ಲಿ ಆ ಪದರದ ಮೇಲಂಚಿನಲ್ಲಿ, ತೀರ ಮಬ್ಬು ಬೆಳಕು ಮಾತ್ರ ತಲುಪುವ ಜಾಗದಲ್ಲಿ, ಪ್ರೊಕ್ಲೋರೊಕಾಕಸ್‌ನ ದಟ್ಟ ಗುಂಪುಗಳು ಸಿಕ್ಕವು. ಪೆಸಿಫಿಕ್‌ನ ಇಂಥದೇ ವಲಯಗಳಲ್ಲಿ ನಡೆದ ಅಧ್ಯಯನಗಳ ಪ್ರಕಾರ, ಅಲ್ಲಿ ಈ ಜೀವಿಗಳು ಬಿಡುವ ಆಮ್ಲಜನಕವನ್ನು ಸುತ್ತಲಿನ ಬ್ಯಾಕ್ಟೀರಿಯಾಗಳು ಆ ಕ್ಷಣವೇ ಬಳಸಿಬಿಡುತ್ತವೆ. ಉಪಕರಣಕ್ಕೆ ಆಮ್ಲಜನಕ ಕಾಣುವುದಿಲ್ಲ, ಆದರೆ ಅದರ ವ್ಯವಹಾರ ನಡೆದೇ ಇರುತ್ತದೆ.

ಕಡಲು ಬಿಸಿಯಾಗುತ್ತಿದೆ. ಬೆಚ್ಚನೆಯ ನೀರಿನ ಜೀವಿಯಾದ್ದರಿಂದ ಪ್ರೊಕ್ಲೋರೊಕಾಕಸ್‌ಗೆ ಇದು ಅನುಕೂಲವೇ ಆದೀತು ಎಂದು ಈ ಮೊದಲಿನ ಗಣಿತ ಮಾದರಿಗಳು ಹೇಳಿದ್ದವು. ಹಡಗುಗಳಲ್ಲೇ ಸತತವಾಗಿ ಕೋಶಗಳನ್ನು ಎಣಿಸಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2025ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನು ಸೂಚಿಸುತ್ತದೆ: ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದರ ವಿಭಜನೆಯ ವೇಗ ಬೇಗನೆ ಕುಸಿಯುತ್ತದೆ. ಅಭಾವದಲ್ಲಿ ಬದುಕಲೆಂದು ವಂಶವಾಹಿಗಳನ್ನು ಕೈಬಿಟ್ಟ ಜೀವಿಗೆ ಹೊಸ ಕಾವನ್ನು ತಾಳುವ ದಾರಿಗಳೂ ಕಡಿಮೆಯಾಗಿರಬಹುದು ಎಂಬುದು ಅವರ ವಿವರಣೆ. ಮಾದರಿ ಒಂದು ಹೇಳಿದಾಗ ಕಡಲು ಇನ್ನೊಂದು ಹೇಳಿದ ಇಂಥ ಪ್ರಸಂಗಗಳಲ್ಲಿ ನಾನು ಎಣಿಕೆಯ ಪಕ್ಷ.

ನಮ್ಮ ಆಗ್ನೇಯ ಅರಬ್ಬೀ ಸಮುದ್ರದ ಮೇಲ್ನೀರು ಮುಂಗಾರಿಗೆ ಮುನ್ನ, ಏಪ್ರಿಲ್-ಮೇ ತಿಂಗಳುಗಳಲ್ಲಿ, 30 ಡಿಗ್ರಿಯನ್ನೂ ಮುಟ್ಟುತ್ತದೆ. ಬೇರೆ ಹಲವು ಸಾಗರಗಳಿಗೆ ನಾಳೆಯದಾದ ಈ ಪ್ರಶ್ನೆ ನಮಗೆ ಇವತ್ತಿನದು. ಗೋವಾ, ಕೊಚ್ಚಿ, ಮಂಗಳೂರು, ಕಾರವಾರಗಳಲ್ಲಿ ಸಾಗರ ಜೀವವಿಜ್ಞಾನ ಕಲಿಸುವ, ಸಂಶೋಧಿಸುವ ಸಂಸ್ಥೆಗಳಿವೆ. ದಡದ ಹಸಿರು ನೀರಿನಿಂದ ತೊಡಗಿ ನಡುಗಡಲಿನ ನೀಲಿಯವರೆಗೆ, ಒಂದೇ ರೇಖೆಯಲ್ಲಿ, ಮುಂಗಾರಿಗೆ ಮುನ್ನ, ಮುಂಗಾರಿನಲ್ಲಿ ಮತ್ತು ಅದರ ನಂತರ, ವರ್ಷವರ್ಷವೂ ಬಿಡದೆ ಈ ಕೋಶಗಳನ್ನು ಎಣಿಸುವ ಕೆಲಸವನ್ನು ಅವು ಕೂಡಿ ಕೈಗೊಳ್ಳಬೇಕು. ಅದಕ್ಕೆ ಹಡಗಿನ ದಿನಗಳು ಬೇಕು, ಸೈಟೋಮೀಟರ್ ಬೇಕು. ಮೂರು ವರ್ಷಕ್ಕೆ ಮುಗಿಯುವ ಯೋಜನೆಗಳ ಬದಲು ಇಪ್ಪತ್ತು ವರ್ಷ ನಿಲ್ಲುವ ಹಣಕಾಸಿನ ಭರವಸೆ ಬೇಕು. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಆ ಎಣಿಕೆಯಲ್ಲಿ ತೊಡಗಲಿ ಎಂದು ಹಾರೈಸುತ್ತೇನೆ.